ಆಡು ತಂದ ಚಿನ್ನಸ್ವಾಮಿ

ಮೇಚೇರಿ ಸಂತೆಗೆ ದೂರದಿಂದ ಬರುವ ವ್ಯಾಪಾರಿಗಳು ‘ಆಡು ಚಿನ್ನಸ್ವಾಮಿ ಮನೆ ಎಲ್ಲಿ’ ಎಂದು ಕೇಳಿಕೊಂಡು ಬಂದು, ಅಂಗಳದಲ್ಲಿ ಒಂದು ಆಡೂ ಕಾಣದೆ, ಹಳೇ ಕಾರಿನ ನೆತ್ತಿಯ ಮೇಲೆ ಕಟ್ಟಿದ ಎರಡು ತಗಡಿನ ಹಾರನ್ನುಗಳನ್ನು ನೋಡಿ ಬಂದ ದಾರಿ ಹಿಡಿಯುತ್ತಿದ್ದರು. ಕೆಲವರು ನನ್ನ ಹತ್ತಿರ ಬಂದು ದೂರುತ್ತಿದ್ದರು. ನಾನು ಆ ಊರಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಆಡು ಎಂದ ಮೇಲೆ ಅದು ನನ್ನ ಇಲಾಖೆಗೆ ಸೇರಿದ್ದು ಎಂದು ಅವರ ಲೆಕ್ಕ.

ತಪ್ಪು ಅವರದಲ್ಲ, ನಮ್ಮ ಕನ್ನಡದ್ದು. ಸೇಲಂ ಕಡೆಯ ನಮ್ಮ ಸೀಮೆಯ ಕನ್ನಡದಲ್ಲಿ ‘ಹ’ ಎಂಬ ಅಕ್ಷರಕ್ಕೆ ಉದ್ಯೋಗವಿಲ್ಲ. ಹೋಗು ಎಂಬುದು ಓಗು, ಹಾಲು ಎಂಬುದು ಆಲು, ಹಲ್ಲು ಎಂಬುದು ಅಲ್ಲು. ಹಾಗೆಯೇ ಹಾಡು ಎಂಬುದು ಆಡು. ಮೇಯುವುದೂ ಆಡು, ಗ್ರಾಮಫೋನಿನಲ್ಲಿ ತಿರುಗುವುದೂ ಆಡು. ನಾನು ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಆರನೇ ಕ್ಲಾಸಿನವರೆಗೆ ಕನ್ನಡ ಓದಿದವನು, ‘ಹ’ ಎಲ್ಲೆಲ್ಲಿ ಇರಬೇಕು ಎಂಬುದು ನನಗೆ ಗೊತ್ತು. ಊರಿನಲ್ಲಿ ಮಿಕ್ಕವರೆಲ್ಲ ಓದಿದ್ದು ತಮಿಳು, ಮನೆಯಲ್ಲಿ ಆಡಿದ್ದು ಕನ್ನಡ. ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಈ ಒಂದು ‘ಹ’ ಇದ್ದಿದ್ದರೆ ಒಂದು ಮನೆಯಲ್ಲಿ ಅಪ್ಪ ಮಗ ಆರು ವರ್ಷ ಮಾತು ಬಿಡುತ್ತಿರಲಿಲ್ಲ. ಅದನ್ನೇ ಈಗ ಹೇಳಹೊರಟಿದ್ದೇನೆ.

ಚಿನ್ನಸ್ವಾಮಿಯ ಅಪ್ಪ ಗೋವಿಂದಪ್ಪ ಕುರಿ ಕಾಯುವವನು. ಅವನ ಅಪ್ಪನೂ ಅದೇ, ಅಜ್ಜನೂ ಅದೇ. ಅರವತ್ತು ಕುರಿ, ನಾಲ್ಕೈದು ಮೇಕೆ. ನಮ್ಮ ಕಡೆಯ ಕುರಿಗೆ ಉಣ್ಣೆ ಇಲ್ಲ, ಇಟ್ಟಿಗೆ ಬಣ್ಣದ ಮೈಗೆ ಗಿಡ್ಡ ಕೂದಲು ಅಷ್ಟೇ. ಹಿಂಡಿನಲ್ಲಿ ಹನ್ನೊಂದಕ್ಕೆ ಕೊರಳ ಗಂಟೆ ಕಟ್ಟಿದ್ದ. ಟಗರಿಗೆ ಕೈಯಷ್ಟಗಲದ ಕಬ್ಬಿಣದ್ದು, ಎಲ್ಲಕ್ಕಿಂತ ಎಳೆಯದಾದ ಸೂಜಿ ಎಂಬ ಮರಿಗೆ ಹುಣಿಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆಯದು. ನಡುವೆ ಒಂದಕ್ಕಿಂತ ಒಂದು ಸಣ್ಣದಾಗಿ ಒಂಬತ್ತು. ಒಂದರ ದನಿ ಇನ್ನೊಂದಕ್ಕಿಲ್ಲ. ಮರದ ಕೆಳಗೆ ಟವಲು ಮುಖಕ್ಕೆ ಹಾಕಿಕೊಂಡು ಮಲಗಿದ್ದರೂ ಯಾವುದು ಎಷ್ಟು ದೂರದಲ್ಲಿದೆ, ಮೇಯುತ್ತಿದೆಯೋ ಕೆರೆದುಕೊಳ್ಳುತ್ತಿದೆಯೋ ಹೇಳುತ್ತಿದ್ದ. ಒಂದು ಸಲ ನನ್ನ ಮುಂದೆಯೇ ‘ಬಿಳಿಕಿವಿ ಕುಂಟ್ತೈತೆ’ ಎಂದು ಎದ್ದು ಕುಳಿತ. ಹೋಗಿ ನೋಡಿದರೆ ಗೊರಸಿನಲ್ಲಿ ಜಾಲಿ ಮುಳ್ಳು. ನಾನು ಸರ್ಕಾರದ ಸಂಬಳ ತೆಗೆದುಕೊಳ್ಳುವವನು, ಅವನು ತೆಗೆದುಕೊಳ್ಳದವನು. ಇಬ್ಬರಲ್ಲಿ ಯಾರಿಗೆ ಕೆಲಸ ಗೊತ್ತು ಎಂಬುದನ್ನು ಮಾತಾಡದಿರುವುದು ಒಳ್ಳೆಯದು.

ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಗಂಟೆಗಳನ್ನು ಬೆರಳು ಮಡಚಿ ಎಣಿಸುತ್ತಿದ್ದ. ಎಣಿಕೆ ಮುಗಿದ ಮೇಲೆ ‘ಆಡೆಲ್ಲಾ ಬಂತು’ ಎನ್ನುತ್ತಿದ್ದ. ಕುರಿಗಳಿಗೂ ಸೇರಿಸಿ ಆಡು ಎನ್ನುವುದು ತಮಿಳಿನ ಸಹವಾಸದಿಂದ ಬಂದ ರೂಢಿ. ಆ ಮಾತು ಬಿದ್ದ ಮೇಲೆಯೇ ಹೆಂಡತಿ ಅಂಕಮ್ಮ ಮುದ್ದೆಗೆ ನೀರಿಡುತ್ತಿದ್ದಳು.

ಇಂಥವನ ಹೊಟ್ಟೆಯಲ್ಲಿ ಚಿನ್ನಸ್ವಾಮಿ ಹುಟ್ಟಿದ. ಐದನೇ ಕ್ಲಾಸಿಗೆ ಓದು ಬಿಟ್ಟ. ಕುರಿ ಹಿಂದೆ ಹೋದರೆ ಕುರಿ ಒಂದು ಕಡೆ, ಇವನು ಒಂದು ಕಡೆ. ಎಲ್ಲಾದರೂ ಮದುವೆಯಲ್ಲಿ ಮೈಕುಸೆಟ್ಟು ಹಾಡಿದರೆ ಇವನು ಊಟಕ್ಕೆ ಕೂರದೆ ಆಂಪ್ಲಿಫೈಯರ್ ಮುಂದೆ ಕೂರುತ್ತಿದ್ದ. ಅದರೊಳಗೆ ವಾಲ್ವು ಕೆಂಪಗೆ ಉರಿಯುವುದನ್ನು ನೋಡಿ ಬಂದು ಅಮ್ಮನ ಹತ್ತಿರ ಒಂದು ವಾರ ಅದೇ ಮಾತು.

ಅರವತ್ತೆಂಟನೇ ಇಸವಿ. ಚಿನ್ನಸ್ವಾಮಿಗೆ ಇಪ್ಪತ್ತೆರಡು, ಸಣ್ಣಕ್ಕನ ಜೊತೆ ಮದುವೆಯಾಗಿ ಒಂದು ವರ್ಷ. ಗೋವಿಂದಪ್ಪ ಹದಿನಾಲ್ಕು ಕುರಿ ಬಿಡಿಸಿ, ‘ಇದು ನಿನ್ನ ಪಾಲು, ಮಾರ್ಕೊಂಡು ಏನಾದ್ರೂ ಬದುಕು ನೋಡ್ಕೊ’ ಎಂದು ಮಗನ ಕೈಗೆ ಹಗ್ಗ ಕೊಟ್ಟ. ಹಿಂದಿನ ಸಂಜೆ ಜಗಲಿಯಲ್ಲಿ ಆದ ಮಾತನ್ನು ಅಂಕಮ್ಮ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿದ್ದೆನೇನೋ ಎನಿಸುತ್ತದೆ.

“ಮಾರಿ ಏನ್ ಮಾಡ್ತೀಯಲಾ?” ಎಂದು ಅಪ್ಪ ಕೇಳಿದ.

“ಸೇಲಂಗೆ ಓಗಿ ಆಡು ತತ್ತೀನಪ್ಪಾ,” ಎಂದ ಮಗ.

ಅಪ್ಪನಿಗೆ ಸಂತೋಷವಾಯಿತು. ಆಡು ಮುಟ್ಟದ ಸೊಪ್ಪಿಲ್ಲ. ನಮ್ಮ ಒಣ ಸೀಮೆಯಲ್ಲಿ ಮುಳ್ಳನ್ನೇ ತಿಂದು ಬದುಕುತ್ತದೆ. ಮಗನಿಗೆ ಕೊನೆಗೂ ಬುದ್ಧಿ ಬಂತು.

“ನಲ್ಲದು. ಎಷ್ಟು ತತ್ತೀಯ?”

“ಒಂದಿಪ್ಪತ್ತು.”

“ಮರಿ ಬ್ಯಾಡ. ದೊಡ್ಡವೇ ತಾ. ಅಲ್ಲು ನೋಡಿ ತಾ.”

‘ಮರಿ ಬೇಡ’ ಎಂದರೆ ಗ್ರಾಮಫೋನಿನ ಸಣ್ಣ ಪ್ಲೇಟು ಬೇಡ, ದೊಡ್ಡ ಪ್ಲೇಟು ತಾ ಎಂದು ಚಿನ್ನಸ್ವಾಮಿ ತಿಳಿದ. ಅಪ್ಪನಿಗೆ ಇಷ್ಟೆಲ್ಲ ಗೊತ್ತಿದೆಯಲ್ಲ ಎಂದು ಆಶ್ಚರ್ಯವೂ ಆಯಿತಂತೆ. ಹಲ್ಲಿನ ಮಾತು ಸ್ವಲ್ಪ ತೊಡಕಾಯಿತು. ಆಮೇಲೆ ಗ್ರಾಮಫೋನಿನ ಮುಳ್ಳನ್ನೇ ಅಪ್ಪ ಹಾಗೆ ಅನ್ನುತ್ತಿದ್ದಾನೆ ಎಂದುಕೊಂಡು ಸಮಾಧಾನಪಟ್ಟುಕೊಂಡ. ಕೇಳಬಹುದಿತ್ತು. ನಮ್ಮ ಕಡೆ ಮಗನಾದವನು ಅಪ್ಪನನ್ನು ಎರಡನೇ ಸಲ ಕೇಳುವ ಪದ್ಧತಿ ಇಲ್ಲ.

ಮೂರನೇ ದಿನ ಸೇಲಂ ಬಸ್ಸಿನ ಟಾಪಿನಿಂದ ಒಂದು ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್, ಒಂದು ಹಾರನ್ನು, ಒಂದು ಪ್ಲೇಟು ತಿರುಗಿಸುವ ಯಂತ್ರ, ಇಪ್ಪತ್ತು ದೊಡ್ಡ ಪ್ಲೇಟುಗಳ ಪೆಟ್ಟಿಗೆ ಇಳಿದವು. ಗೋವಿಂದಪ್ಪ ಹೊಸ ಆಡುಗಳಿಗೆಂದು ದೊಡ್ಡಿಯ ಒಂದು ಮೂಲೆಗೆ ಹೊಸ ಬೇಲಿ ಕಟ್ಟಿ ಹುರುಳಿ ಸೊಪ್ಪು ಹಾಕಿ ನಿಂತಿದ್ದ. ಮಗನ ಹಿಂದೆ ನೋಡಿದ, ರಸ್ತೆಯ ತುದಿ ನೋಡಿದ.

“ಆಡೆಲ್ಲಿ?” ಎಂದ.

ಚಿನ್ನಸ್ವಾಮಿ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದ.

ಗೋವಿಂದಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಪೆಟ್ಟಿಗೆಯೊಳಗೆ ಒಂದು ಗಳಿಗೆ ನೋಡಿ, ಹುರುಳಿ ಸೊಪ್ಪನ್ನು ಹಳೇ ಕುರಿಗಳಿಗೆ ಹಾಕಿ ಬಂದ. ಅವತ್ತಿನಿಂದ ಮಗನ ಜೊತೆ ಮಾತಿಲ್ಲ. ಮಗ ಮೋಸ ಮಾಡಿದ ಎಂದು ಅಪ್ಪ. ಹೇಳಿಯೇ ತಂದದ್ದು ಎಂದು ಮಗ. ಇಬ್ಬರೂ ಸುಳ್ಳು ಹೇಳಲಿಲ್ಲ, ಅದೇ ತೊಂದರೆಯಾದದ್ದು. ಯಾರಾದರೂ ಒಬ್ಬ ಸುಳ್ಳನಾಗಿದ್ದರೆ ಒಂದು ತಿಂಗಳಲ್ಲಿ ರಾಜಿಯಾಗುತ್ತಿತ್ತು. ನಾನು ಒಂದು ಸಲ ಗೋವಿಂದಪ್ಪನಿಗೆ ‘ಹ’ ಎಂಬ ಅಕ್ಷರದ ವಿಷಯ ವಿವರಿಸಲು ಹೋದೆ. ಅವನು ಪೂರ್ತಿ ಕೇಳಿ, ‘ಟಗರಿಗೆ ಉಳ ಆಗೈತೆ, ಔಷ್ದಿ ಕೊಡು’ ಎಂದ. ಕೊಟ್ಟು ಬಂದೆ.

ಮಾತಿಲ್ಲ ಎಂದರೆ ಮನೆ ಬೇರೆಯಾಯಿತು ಎಂದಲ್ಲ. ಒಂದೇ ಜಗಲಿ, ಒಂದೇ ಒಲೆ. ಅಪ್ಪ ಹೇಳಬೇಕಾದದ್ದನ್ನು ಅಂಕಮ್ಮನಿಗೆ ಹೇಳುತ್ತಿದ್ದ, ಅಂಕಮ್ಮ ತಿರುಗಿ ಮಗನಿಗೆ ಹೇಳುತ್ತಿದ್ದಳು. ಮಗ ಒಂದು ಮೊಳ ದೂರದಲ್ಲಿ ಕೂತಿದ್ದರೂ ಹಾಗೆಯೇ. ‘ಉಪ್ಪು ತಳ್ಳು ಅಂತೇಳು.’ ‘ಉಪ್ಪು ತಳ್ಳಬೇಕಂತೆ.’ ಅಂಕಮ್ಮ ಒಂದು ಅಕ್ಷರ ಕೂಡಿಸುತ್ತಿರಲಿಲ್ಲ, ಒಂದು ಅಕ್ಷರ ಕಳೆಯುತ್ತಿರಲಿಲ್ಲ. ಟೆಲಿಗ್ರಾಫ್ ಇಲಾಖೆಯವರು ಬಂದು ಅವಳನ್ನು ನೋಡಿ ಕಲಿಯಬೇಕಿತ್ತು. ಊರಿನವರು ಚಿನ್ನಸ್ವಾಮಿಗೆ ‘ಆಡು ಮಾರಿ ಆಡು ತಂದೋನು’ ಎಂದು ಹೆಸರಿಟ್ಟರು. ಅದು ಸವೆದು ‘ಆಡು ಚಿನ್ನಸ್ವಾಮಿ’ಯಾಗಿ ಉಳಿಯಿತು.

ಮೈಕುಸೆಟ್ಟು ಚೆನ್ನಾಗಿಯೇ ನಡೆಯಿತು. ಮದುವೆ, ಕಿವಿ ಚುಚ್ಚುವುದು, ಎಲೆಕ್ಷನ್. ಎಪ್ಪತ್ತೆರಡರಲ್ಲಿ ಒಂದು ಹಳೇ ಕಾರು ಕೊಂಡು ಮೇಲೆ ಹಾರನ್ನು ಕಟ್ಟಿದ. ವೆಂಕಟಾಚಲಂ ಎಂಬವರ ಟೆಂಟು ಸಿನಿಮಾದ ಪ್ರಚಾರಕ್ಕೆ ಇತ್ತ ಪಾಲಮಲೆಯ ಬುಡದಿಂದ ಅತ್ತ ಕಾರಿಮಂಗಲದವರೆಗೆ ಹಾಡು ಹಾಕಿಕೊಂಡು, ನೋಟೀಸು ಎಸೆದುಕೊಂಡು ತಿರುಗಿದ. ತೊಂದರೆ ಹಾರನ್ನಿನದು. ಅದರ ಗಂಟಲಲ್ಲಿ ಈರುಳ್ಳಿ ಸಿಪ್ಪೆಯಂಥ ಒಂದು ಹಾಳೆ ಇರುತ್ತದೆ. ಮಾತು, ಕೊಳಲು, ಹೆಂಗಸಿನ ಹಾಡು ಬಂದರೆ ಅದಕ್ಕೆ ಸುಖ. ಡೋಲಿನ ಗುಂಡು ದನಿ ಬಂದರೆ ಹರಿದುಹೋಗುತ್ತದೆ. ನಮ್ಮ ಜನಕ್ಕೆ ಡೋಲಿಲ್ಲದ ಹಾಡು ಹಾಡೇ ಅಲ್ಲ. ತಿಂಗಳಿಗೊಂದು ಹಾಳೆ ಹರಿಯುತ್ತಿತ್ತು. ದಾರಿ ಮಧ್ಯೆ ಹಾಡು ಕೆಮ್ಮಲು ಶುರು ಮಾಡಿದರೆ ವೆಂಕಟಾಚಲಂ ಮರುದಿನವೇ ಸೇಲಂನಿಂದ ಬೇರೆ ಕಾರು ಕರೆಸುತ್ತೇನೆ ಎನ್ನುತ್ತಿದ್ದರು.

ಕಾರಿನ ಡಿಕ್ಕಿಯಲ್ಲಿ ಕಾಗದದ ಬಾಯಿಯ ಎರಡು ದೊಡ್ಡ ಸ್ಪೀಕರು ಇಟ್ಟು, ಗುಂಡು ದನಿ ಡಿಕ್ಕಿಗೆ, ಚೂಪು ದನಿ ಹಾರನ್ನಿಗೆ ಎಂದು ತಂತಿ ಸುರುಳಿ ಹಾಕಿ ಬೇರೆ ಮಾಡಿ ನೋಡಿದ. ಸುರುಳಿ ಕಾದು ವಾಸನೆ ಬಂತು, ಅರ್ಧ ಶಕ್ತಿ ಅಲ್ಲೇ ಇಂಗಿತು. ಸೇಲಂನಲ್ಲಿ ರೇಡಿಯೋ ರಿಪೇರಿ ಮಾಡುವ ಕುಪ್ಪಸ್ವಾಮಿ ಎಂಬ ಮುದುಕರ ಹತ್ತಿರ ಹೋಗಿ ಹೇಳಿಕೊಂಡ.

ಕುಪ್ಪಸ್ವಾಮಿ ಬೆಸುಗೆಯಿಂದ ಕಣ್ಣೆತ್ತದೆ, “ಮುನ್ನಾಡಿಯೇ ಪಿರಿಚ್ಚುಡು,” ಎಂದರು. ಮೊದಲೇ ಬೇರೆ ಮಾಡಿಬಿಡು ಎಂದು.

ಚಿನ್ನಸ್ವಾಮಿ ಅದನ್ನು ನನಗೆ ವಿವರಿಸಿದ್ದು ಹೀಗೆ: ನೀರನ್ನು ಹೊಲದ ಕೊನೆಯಲ್ಲಿ ಪಾಲು ಮಾಡಬಾರದು, ಬಾವಿಯ ಬಾಯಲ್ಲೇ ಮಾಡಬೇಕು. ಹಾಡು ಇನ್ನೂ ಸಣ್ಣದಾಗಿ, ಆಂಪ್ಲಿಫೈಯರಿಗೆ ಹೋಗುವ ಮೊದಲೇ ಒಂದು ಡಬ್ಬಿಯಲ್ಲಿ ಎರಡಾಗಬೇಕು. ಗುಂಡು ದನಿಗೆ ಒಂದು ಆಂಪ್ಲಿಫೈಯರ್, ಚೂಪು ದನಿಗೆ ಇನ್ನೊಂದು. ಡಬ್ಬಿಯೊಳಗೆ ಟ್ರಾನ್ಸಿಸ್ಟರು ಇರುತ್ತದೆ, ಕಾರಿನ ಬ್ಯಾಟರಿ ಸಾಕು. ಎಲ್ಲಿ ಕತ್ತರಿಸಬೇಕು ಎಂದು ತಿರುಗಿಸಲು ಒಂದು ಗುಂಡಿ, ಎರಡು ಕಡೆಯ ಜೋರು ಕಡಿಮೆ ಮಾಡಲು ಎರಡು ಗುಂಡಿ. ಇಂಗ್ಲಿಷಿನಲ್ಲಿ ಅದಕ್ಕೆ ಕ್ರಾಸೋವರ್ ಎಂದು ಹೆಸರಂತೆ. ಅದರಲ್ಲೂ ಇದು ‘ಆಕ್ಟಿವ್’. ಮನೆಯಲ್ಲಿ ಅಂಕಮ್ಮ ಅದನ್ನು ‘ಪಾಲು ಡಬ್ಬಿ’ ಎಂದಳು. ಹೆಸರು ನಿಂತಿತು.

ಡಬ್ಬಿ ಕಟ್ಟಲು ಎರಡು ತಿಂಗಳು. ಅದು ಕಷ್ಟದ್ದಲ್ಲ, ಕುಪ್ಪಸ್ವಾಮಿ ಚಿತ್ರ ಬರೆದುಕೊಟ್ಟಿದ್ದರು. ಕಷ್ಟವಾದದ್ದು ಗುಂಡಿಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದು. ಹಾಡು ಹಾಕಿ ತಿರುಗಿಸಿದರೆ ಹಾಡಿನಲ್ಲಿ ಎಲ್ಲ ದನಿಯೂ ಕಲಸಿರುತ್ತದೆ. ಒಂದು ಗಳಿಗೆ ಸರಿ ಅನಿಸಿದ್ದು ಮರುಗಳಿಗೆ ಕೆಟ್ಟಿರುತ್ತದೆ. ಮದ್ರಾಸಿನಲ್ಲಿ ದಪ್ಪದಿಂದ ಸಣ್ಣದವರೆಗೆ ಒಂದೊಂದೇ ದನಿ ಕೊಡುವ ಯಂತ್ರ ಇದೆ ಎಂದು ಕುಪ್ಪಸ್ವಾಮಿ ಹೇಳಿದರು. ಮತ್ತೆ, ಅದನ್ನು ಕೇಳುವ ಕಿವಿ ಬೇಕು, ಅದು ಮದ್ರಾಸಿನಲ್ಲೂ ಸಿಗುವುದಿಲ್ಲ ಎಂದರು.

ಆವತ್ತು ಚಿನ್ನಸ್ವಾಮಿ ಸೇಲಂನಿಂದ ನೇರ ನನ್ನ ಆಸ್ಪತ್ರೆಗೆ ಬಂದ.

“ದಪ್ಪದಿಂದ ಸಣ್ಣದು, ಒಂದೊಂದೇ ದನಿ,” ಎಂದ. “ನಮ್ಮನೇಲಿ ಅನ್ನೊಂದು ಐತೆ ಸಾರ್. ಕುರಿ ಕೊರಳಾಗೆ.”

“ಕೇಳೋ ಕಿವಿ?” ಎಂದೆ, ಗೊತ್ತಿದ್ದೂ.

ಅವನು ಮೇಜಿನ ಮೇಲಿದ್ದ ಔಷಧಿ ಶೀಶೆಯ ಮುಚ್ಚಳವನ್ನು ಬಿಗಿ ಮಾಡಿದ, ಸಡಿಲ ಮಾಡಿದ. “ಕಾರ್ ಓಗ್ಲಿ ಸಾರ್. ವೆಂಕಟಾಚಲಂ ಬೇರೆ ಕಾರು ಇಟ್ಕೊಳ್ಳಲಿ. ಆರು ವರ್ಷ ಆಯ್ತು. ನಂಗೆ ಬೇಕಾಗಿರೋದು ಅಪ್ಪನ ಒಂದು ಮಾತು. ಬೈದ್ರೂ ಪರವಾಯಿಲ್ಲ. ನನ್ನ ಮೊಕ ನೋಡಿ ಬೈಬೇಕು.”

ನನಗೆ ಸಂಕಟವಾಯಿತು. ಸಂಕಟವಾದಾಗ ನಾನು ಸಿಡುಕುತ್ತೇನೆ. ‘ಆ ಮುಚ್ಚಳ ಮುರೀಬೇಡ, ಸರ್ಕಾರದ್ದು’ ಎಂದೆ.

ಅಂಕಮ್ಮನ ಮೂಲಕ ಅರ್ಜಿ ಹೋಯಿತು: ಕುರಿಗಳ ಹನ್ನೊಂದು ಕೊರಳ ಗಂಟೆ ಒಂದು ದಿನದ ಮಟ್ಟಿಗೆ ಬೇಕು. ಅಂಕಮ್ಮನ ಮೂಲಕ ಉತ್ತರ ಬಂತು: ‘ಕುರಿ ಕೊರಳಿಂದ ಗಂಟೆ ಬಿಚ್ಚೋದು ಕುರಿ ಸತ್ತಾಗ.’ ಸರಿ, ಕುರಿ ಇರುವಲ್ಲಿಗೇ ಕಾರು ಹೋಗಲಿ ಎಂದಾಯಿತು. ಕಾರು ದೊಡ್ಡಿಯ ಹತ್ತಿರ ಬಂದರೆ ಕುರಿ ಬೆದರುತ್ತವೆ ಎಂದು ಇನ್ನೊಂದು ಉತ್ತರ. ದೊಡ್ಡಿಗೂ ರಸ್ತೆಗೂ ನಡುವೆ ಒಂದು ಮಣ್ಣಿನ ದಿಬ್ಬ ಇದೆ. ಕಾರು ಅದರ ಆ ಕಡೆ ನಿಲ್ಲಲಿ ಎಂದು ಒಪ್ಪಂದವಾಯಿತು. ಅಪ್ಪ ಬಂದು ಕೇಳುತ್ತಾನೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಎಪ್ಪತ್ತನಾಲ್ಕರ ತೈ ತಿಂಗಳು, ಸಂಕ್ರಾಂತಿ ಕಳೆದ ಹೊಸತು, ಬೆಳಿಗ್ಗೆ, ಕುರಿ ಬಿಡುವ ಮೊದಲು. ಮದುವೆಮನೆಯಲ್ಲಿ ಎಳೆಯುವ ಉದ್ದನೆಯ ಮೈಕು ವೈರನ್ನು ದಿಬ್ಬದ ಮೇಲಿಂದ ಎಳೆದು ಮೈಕನ್ನು ಚಿನ್ನಸ್ವಾಮಿಯ ಹೆಂಡತಿ ಸಣ್ಣಕ್ಕನ ಕೈಗೆ ಕೊಟ್ಟರು. ಅವಳು ದೊಡ್ಡಿಯೊಳಗೆ ನಿಂತು ಒಂದೊಂದು ಕುರಿಯ ಕೊರಳ ಹತ್ತಿರ ಮೈಕು ಹಿಡಿದು ಗಂಟೆ ಅಲ್ಲಾಡಿಸಬೇಕು. ನಾನು ದಿಬ್ಬದ ಮೇಲೆ ಎರಡು ಕಡೆಯೂ ಕಾಣುವಂತೆ ನಿಂತು ಟವಲು ಬೀಸಬೇಕು. ಒಂದು ಸಲ ಬೀಸಿದರೆ ಮುಂದಿನ ಕುರಿ, ಎರಡು ಸಲ ಬೀಸಿದರೆ ಅದೇ ಕುರಿ ಇನ್ನೊಂದು ಸಲ. ಪಶುಸಂಗೋಪನಾ ಇಲಾಖೆ ನನ್ನನ್ನು ಇದಕ್ಕಾಗಿ ನೇಮಿಸಿರಲಿಲ್ಲ.

ಗೋವಿಂದಪ್ಪ ಕೋಲು ಹಿಡಿದು ದೊಡ್ಡಿಯ ಬಾಗಿಲಲ್ಲಿ ನಿಂತಿದ್ದ. ಮೊದಲನೆಯದಾಗಿ ಟಗರಿನ ಗಂಟೆ ಆಡಿಸಿದಾಗ ದಿಬ್ಬದ ಆ ಕಡೆಯಿಂದ ಟಗರು ಬಂದಂತಾಯಿತು. ಅವನು ಟಗರನ್ನು ನೋಡಿದ, ಅದು ಇಲ್ಲೇ ಇತ್ತು. ದಿಬ್ಬವನ್ನು ನೋಡಿದ. ಇದು ಅವನ ಮರ್ಯಾದೆಯ ಪ್ರಶ್ನೆಯಾಯಿತು. ಸೀದಾ ದಿಬ್ಬ ಹತ್ತಿ, ನನ್ನನ್ನು ದಾಟಿ, ಇಳಿದು, ಕಾರಿನಿಂದ ಹತ್ತು ಹೆಜ್ಜೆ ದೂರದಲ್ಲಿ ಮಗನಿಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತ. ಅಂಕಮ್ಮ ಓಡಿ ಬಂದು ಇಬ್ಬರ ಮಧ್ಯೆ ತನ್ನ ಸ್ಥಾನದಲ್ಲಿ ನಿಂತಳು.

“ಅವ್ನಿಗೇಳು, ಟಗರಿಗೆ ನೆಗಡಿ ಆಗೈತೆ.”

“ಟಗರಿಗೆ ನೆಗಡಿಯಂತೆ,” ಎಂದಳು ಅಂಕಮ್ಮ.

ಹಿಂದಿನ ವಾರವೇ ನಾನು ಟಗರನ್ನು ನೋಡಿದ್ದೆ, ನೆಗಡಿ ಇರಲಿಲ್ಲ. ಬಾಯಿ ತೆರೆದು ಹಾಗೆಂದು ಕೂಗುವಷ್ಟರಲ್ಲಿ ಚಿನ್ನಸ್ವಾಮಿಗೆ ಅರ್ಥವಾಗಿತ್ತು. ಟಗರಿನ ದಪ್ಪ ದನಿಯ ಪಾಲು ಹಾರನ್ನಿಗೂ ಹೋಗಿ ಅದರ ಮೂಗಿನಿಂದ ಬರುತ್ತಿತ್ತು. ಕತ್ತರಿಸುವ ಗುಂಡಿಯನ್ನು ಮೇಲಕ್ಕೆ ತಿರುಗಿಸಿದ.

“ನೆಗಡಿ ಓಯ್ತು.”

“ನೆಗಡಿ ಓಯ್ತಂತೆ.”

ನಾನು ಟವಲು ಬೀಸಿದೆ. ಒಂದಾದ ಮೇಲೊಂದು ಬಂದು ಕೊನೆಗೆ ಮರಿಯ ಸರದಿ.

“ಸೂಜಿ ಗೋಣಿ ಚೀಲದಾಗೈತೆ. ಉಸಿರು ಕಟ್ತದೆ, ಬುಡು ಅಂತೇಳು.”

ಗುಂಡಿ ಬಹಳ ಮೇಲೆ ಹೋಗಿತ್ತು. ಚೂಪು ದನಿ ಡಿಕ್ಕಿಯ ಕಾಗದದ ಸ್ಪೀಕರಿನೊಳಗೆ ಸಿಕ್ಕಿಬಿದ್ದಿತ್ತು. ಚಿನ್ನಸ್ವಾಮಿ ಕೂದಲೆಳೆಯಷ್ಟು ಹಿಂದಕ್ಕೆ ತಂದ. ಸೂಜಿ ಚೀಲದಿಂದ ಹೊರಗೆ ಬಂದಳು. ಆಮೇಲೆ ‘ಇಂಡು ಎರಡಾಗೈತೆ, ದೊಡ್ಡವು ಮನೆತಾವ, ಸಣ್ಣವು ಕೆರೆತಾವ’ ಎಂದು ಬಂತು. ಜೋರಿನ ಎರಡು ಗುಂಡಿಗಳನ್ನು ಸಮ ಮಾಡಿದ. ಹಿಂಡು ಒಂದಾಯಿತು. ಒಂದು ಗಂಟೆ ಹೊತ್ತು ಹೀಗೇ ನಡೆಯಿತು. ಅಪ್ಪ ಬೆನ್ನು ತಿರುಗಿಸಿ ರೋಗ ಹೇಳುವುದು, ಅಮ್ಮ ಮುಟ್ಟಿಸುವುದು, ಮಗ ಗುಂಡಿಯಲ್ಲಿ ಚಿಕಿತ್ಸೆ ಮಾಡುವುದು. ಕಾಂಪೌಂಡರ್ ಎಂದು ಹೆಸರಿಟ್ಟುಕೊಂಡವನು ದಿಬ್ಬದ ಮೇಲೆ ಟವಲು ಬೀಸುತ್ತಿದ್ದ.

ಆರನೆಯದು ಕೆಂದಿ ಎಂಬ ಕುರಿಯ ಗಂಟೆ, ಸರಿಯಾಗಿ ನಡುಮಧ್ಯದ್ದು. ಮೊದಲ ಎರಡು ಸುತ್ತಿನಲ್ಲಿ ಗೋವಿಂದಪ್ಪ ಅದಕ್ಕೆ ಏನೂ ಅಂದಿರಲಿಲ್ಲ. ಮೂರನೇ ಸುತ್ತಿನಲ್ಲಿ ತಟ್ಟನೆ ಎದ್ದು ನಿಂತ.

“ಕೆಂದಿ ಎಲ್ಲಿ?”

ನಾನು ದೊಡ್ಡಿಯ ಕಡೆ ನೋಡಿದೆ. ಕೆಂದಿ ಸಣ್ಣಕ್ಕನ ಮುಂದೆ ನಿಂತು ಮೈಕಿನ ವೈರನ್ನು ಮೂಸುತ್ತಿತ್ತು. “ಇಲ್ಲೇ ಐತೆ,” ಎಂದು ಕೂಗಿದೆ.

“ದೂರ ಓಗೈತೆ. ಅಳ್ಳದ ಕಡೆ ಇಳೀತೈತೆ.” ನನ್ನ ಮಾತನ್ನು ನಂಬದೆ ಕೋಲು ಹಿಡಿದು ದಿಬ್ಬ ಹತ್ತಿದ. ನನಗೆ ಭಯವಾಯಿತು, ಮುದುಕ ಮತ್ತೆ ಇಳಿದು ಬರುವುದಿಲ್ಲವೆಂದು. ಕೆಳಗೆ ಚಿನ್ನಸ್ವಾಮಿಯ ಮುಖ ನೋಡಲಾರದೆ ಟವಲನ್ನು ಮಡಚಿದೆ, ಬಿಚ್ಚಿದೆ. ಗೋವಿಂದಪ್ಪ ದೊಡ್ಡಿಗೆ ಹೋಗಿ ಕೆಂದಿಯ ಕಿವಿ ಹಿಡಿದು ನೋಡಿದ, ಗಂಟೆಯ ನಾಲಗೆ ಮುಟ್ಟಿದ, ಸಣ್ಣಕ್ಕನ ಕೈಯ ಮೈಕನ್ನು ಒಂದು ಗಳಿಗೆ ದಿಟ್ಟಿಸಿದ. ಮತ್ತೆ ದಿಬ್ಬ ಹತ್ತಿ ಇಳಿದು, ಮೊದಲಿನಂತೆ ಮಗನಿಗೆ ಬೆನ್ನು ಹಾಕಿ ನಿಂತ.

“ಅಲ್ಲಿ ಐತೆ. ಇಲ್ಲಿಗೆ ಬಂದಿಲ್ಲ. ನಡುವೆ ಎಲ್ಲಿ ಕಳದೋಯ್ತು ಕೇಳು ಅವ್ನ.”

“ನಡುವೆ ಎಲ್ಲಿ ಕಳದೋಯ್ತಂತೆ?” ಎಂದಳು ಅಂಕಮ್ಮ.

ಚಿನ್ನಸ್ವಾಮಿ ಮತ್ತೆ ಗುಂಡಿ ಹಿಡಿದ. ಗುಂಡಿ ಆ ಕಡೆ ತಿರುಗಿಸಿದರೆ ಕೆಂದಿ ಬಂದು ಬಿಳಿಕಿವಿ ದೂರ ಹೋಗುತ್ತದೆ, ಈ ಕಡೆ ತಿರುಗಿಸಿದರೆ ಇನ್ನೊಂದು ಹೋಗುತ್ತದೆ. ಎಲ್ಲಿ ಕತ್ತರಿಸಿದರೂ ಕತ್ತರಿಸಿದ ಜಾಗದಲ್ಲಿದ್ದ ಕುರಿ ಹಳ್ಳಕ್ಕೆ ಇಳಿಯುತ್ತಿತ್ತು. ಕಾರಿನ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟ. ಬಿಸಿಲು ಏರಿತ್ತು, ಕುರಿ ಮೇವಿಗೆ ಕೂಗುತ್ತಿದ್ದವು. ಗೋವಿಂದಪ್ಪ ಆಕಾಶ ನೋಡಿದ. ಇನ್ನು ಐದು ನಿಮಿಷ ಕಳೆದರೆ ಅವನು ಹಿಂಡು ಹೊಡೆದುಕೊಂಡು ಹೋಗುತ್ತಾನೆ, ಮತ್ತೆ ಎಂದೂ ಈ ಕಡೆ ಬರುವುದಿಲ್ಲ. ಅದು ನನಗೂ ಗೊತ್ತಿತ್ತು, ಅವನ ಮಗನಿಗೂ ಗೊತ್ತಿತ್ತು.

ಚಿನ್ನಸ್ವಾಮಿಗೆ ಆಗ ಕುಪ್ಪಸ್ವಾಮಿ ಹೇಳಿದ್ದು ನೆನಪಾಯಿತಂತೆ. ಕತ್ತರಿಸಿದ ಜಾಗದ ದನಿಯನ್ನು ಎರಡು ಸ್ಪೀಕರೂ ಕೂಡಿ ಹೇಳುತ್ತವೆ. ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದರೆ ಎರಡೂ ಸೇರಿ ಏನೂ ಹೇಳಿದಂತಾಗುವುದಿಲ್ಲ. ಅಪ್ಪ ಮಗನ ವಿಷಯವೂ ಇದೇ ಎಂದು ನಾನು ಇಲ್ಲಿ ಜಾಣತನ ತೋರಿಸಬಹುದು. ತೋರಿಸುವುದಿಲ್ಲ. ಆಗಿದ್ದು ಇಷ್ಟೇ: ಕೆಂಪು ವೈರು ಮುಗಿದುಹೋಗಿ ಡಿಕ್ಕಿಯ ಸ್ಪೀಕರುಗಳಿಗೆ ಎರಡೂ ಕಪ್ಪು ವೈರು ಹಾಕಿದ್ದ. ಪ್ಲಸ್ಸು ಯಾವುದು ಮೈನಸ್ಸು ಯಾವುದು ಎಂದು ಗುರುತಿರಲಿಲ್ಲ. ಎದ್ದು ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ ಅದರದನ್ನು ಇದಕ್ಕೆ, ಇದರದನ್ನು ಅದಕ್ಕೆ ಕಟ್ಟಿದ. ಬಂದು ಕತ್ತರಿಸುವ ಗುಂಡಿಯನ್ನು ಮೊದಲಿದ್ದ ಜಾಗಕ್ಕೆ ತಂದು, ಅದರ ಮೇಲೆ ಕೈ ಇಟ್ಟುಕೊಂಡೇ ನನ್ನ ಕಡೆ ನೋಡಿದ.

ನಾನು ಎರಡು ಸಲ ಟವಲು ಬೀಸಿದೆ.

ಕೆಂದಿ ಬಂದಳು. ನನಗೆ ದನಿಯ ಸೂಕ್ಷ್ಮ ತಿಳಿಯುವುದಿಲ್ಲ. ಆದರೂ ಕೆಂದಿ ನನ್ನ ಕಾಲಿನ ಹತ್ತಿರ ನಿಂತಿದ್ದಾಳೆಂದು ಕೆಳಗೆ ನೋಡಿದೆ.

ಗೋವಿಂದಪ್ಪ ಕೋಲನ್ನು ನೆಲಕ್ಕೂರಿ ಕಣ್ಣು ಮುಚ್ಚಿದ. ನಾನು ಟವಲು ಬೀಸುತ್ತ ಹೋದೆ, ಟಗರಿನಿಂದ ಸೂಜಿಯವರೆಗೆ. ಅವನ ಎಡಗೈ ಬೆರಳು ಒಂದೊಂದಾಗಿ ಮಡಚಿತು, ಮತ್ತೆ ಒಂದೊಂದಾಗಿ ಬಿಚ್ಚಿತು, ಕೊನೆಗೆ ಹೆಬ್ಬೆರಳು ಮತ್ತೊಮ್ಮೆ ಮಡಚಿತು. ಹನ್ನೊಂದು. ಚಿನ್ನಸ್ವಾಮಿಗೆ ಇನ್ನೂ ನಂಬಿಕೆ ಇರಲಿಲ್ಲ. ಕೈಯನ್ನು ಗುಂಡಿಯಿಂದ ತೆಗೆದಿರಲಿಲ್ಲ, ಇನ್ನೊಂದು ಕೂದಲೆಳೆ ತಿರುಗಿಸಲೋ ಬೇಡವೋ ಎಂದು ಅದನ್ನೇ ನೋಡುತ್ತಿದ್ದ.

ಗೋವಿಂದಪ್ಪ ಕಣ್ಣು ಬಿಟ್ಟ. ನಿಂತಲ್ಲೇ ಮಗನ ಕಡೆ ಪೂರ್ತಿ ತಿರುಗಿದ. ಕುರಿ ಕಾಯುವವರು ಮೆಲ್ಲಗೆ ಮಾತಾಡಲು ಕಲಿತಿರುವುದಿಲ್ಲ. ದಿಬ್ಬದ ಮೇಲಿದ್ದ ನನಗೂ ಸ್ಪಷ್ಟವಾಗಿ ಕೇಳಿಸಿತು.

“ಕೈ ತಗೀಲಾ,” ಎಂದ. “ಆಡೆಲ್ಲಾ ಬಂತು.”

ಅಂಕಮ್ಮ ಆರು ವರ್ಷದ ಅಭ್ಯಾಸದಂತೆ ಮಗನ ಕಡೆ ತಿರುಗಿದಳು. “ಕೈ ತಗೀಬೇಕಂತೆ. ಆಡೆಲ್ಲಾ ಬಂತಂತೆ.”

ಚಿನ್ನಸ್ವಾಮಿ ಕೈ ತೆಗೆದ. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಮ್ಮನ ಹೆಗಲ ಮೇಲಿಟ್ಟ.

“ಕೇಳಿಸ್ತು ಕಣವ್ವಾ,” ಎಂದ.